ಹಾಯಿಬಟ್ಟೆಯ ಕೆಳಗೆ ಇಬ್ಬರು ಆರ್ಚ್‌ಬಿಷಪ್ಪರು

"ಗುರುಗಳೇ, ಬಿಟ್ಟುಕೊಟ್ಟದ್ದು ಯಾರಿಗೂ ಗೊತ್ತಾಗದೇ ಹೋದರೆ, ಬಿಟ್ಟುಕೊಟ್ಟು ಏನು ಬಂತು?"

ಪಾದ್ರಿಯಾಗಲು ಗುರುಮಠ ಸೇರಿ ಓದುತ್ತಿದ್ದ ಅರುಳಪ್ಪ ಹೀಗೆ ಕೇಳಿದ. ಇನ್ನಾಸಪ್ಪ ಗುರುಗಳು ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಏನು ಬಿಟ್ಟುಕೊಟ್ಟೆ ನೀನು?"

"ಹಬ್ಬದ ಪೂಜೆಯಲ್ಲಿ ವಾಚನ ಓದುವ ಸರದಿ ನನ್ನದಿತ್ತು. ಚೌರಪ್ಪನ ಅವ್ವ ಊರಿಂದ ಬಂದಿದ್ದರು. ಮಗ ಓದೋದನ್ನ ಆಯಮ್ಮ ಕಣ್ಣಾರೆ ನೋಡಲಿ ಅಂತ, ನನಗೆ ಗಂಟಲು ಕಟ್ಟಿದೆ ಅಂದುಬಿಟ್ಟೆ. ಅವನು ಓದಿದ. ಎಲ್ಲರೂ ಅವನನ್ನ ಹೊಗಳಿದರು. ನನಗೆ ಬಿಸಿನೀರು ಕುಡಿ ಅಂದರು. ಅದೂ ಸಾಲದು ಅಂತ ಮೂರು ದಿನದಿಂದ ಚೌರಪ್ಪ ಶುಂಠಿ ಕಷಾಯ ಮಾಡಿ ತಂದು ಕುಡಿಸ್ತಿದಾನೆ. ಬೆಂಕಿಯ ಹಾಗಿದೆ ಅದು."

"ಕುಡಿದೆಯಾ?"

"ಕುಡೀದೆ ಏನು ಮಾಡಲಿ? ಗಂಟಲು ಕಟ್ಟಿದೆ ಅಂದಿದ್ದೀನಲ್ಲ."

ಗುರುಗಳು ಮೊರವನ್ನು ಅವನ ಕಡೆ ಸರಿಸಿ, ನೀನೂ ಸುಲಿ ಎಂಬಂತೆ ಕೈ ತೋರಿಸಿ, ಕತೆ ಶುರು ಮಾಡಿದರು.

ಬಹಳ ಹಿಂದೆ, ಕಡಲಿನಾಚೆಯ ಒಂದು ದ್ವೀಪದಲ್ಲಿ ಆಂಗ್ಲರು, ಸ್ಯಾಕ್ಸನರು ಎಂಬ ಜನ ಇದ್ದರು. ಕ್ರಿಸ್ತನ ಹೆಸರು ಆ ನಾಡಿಗೆ ಬಂದು ಇನ್ನೂ ಹೆಚ್ಚು ತಲೆಮಾರು ಕಳೆದಿರಲಿಲ್ಲ. ರಾಜರು ಬೇಕಾದಷ್ಟಿದ್ದರು. ಹೊಲ ದಾಟಿದರೆ ಒಬ್ಬ ರಾಜ, ಹಳ್ಳ ದಾಟಿದರೆ ಇನ್ನೊಬ್ಬ. ಆದರೆ ಬಿಷಪ್ಪರಿಗೆಲ್ಲ ಹಿರಿಯರಾದ ಆರ್ಚ್‌ಬಿಷಪ್ಪರು ಮಾತ್ರ ಇಬ್ಬರೇ. ತೆಂಕಣ ಸೀಮೆಗೆ ಒಬ್ಬರು, ಬಡಗಣ ಸೀಮೆಗೆ ಒಬ್ಬರು.

ಆ ಇಬ್ಬರಲ್ಲಿ ಹಿರಿಯರು ಯಾರು? ಜಗಳ ಬೇಡವೆಂದು ರೋಮಿನಿಂದ ಪೋಪರು ಒಂದು ಕಟ್ಟಳೆ ಬರೆದು ಕಳಿಸಿದ್ದರು. ಯಾರ ತಲೆಯ ಮೇಲೆ ಕೈಯಿಟ್ಟು ಮೊದಲು ದೀಕ್ಷೆ ಕೊಟ್ಟರೋ ಅವರೇ ಹಿರಿಯರು. ಬಾಗಿಲು ದಾಟುವಾಗ ಅವರು ಮುಂದೆ. ಬಲಗಡೆಯ ಪೀಠ ಅವರದು. ಸಭೆಯಲ್ಲಿ ಮೊದಲ ಮಾತು ಅವರದು, ಪಂಕ್ತಿಯಲ್ಲಿ ಮೊದಲ ತುತ್ತೂ ಅವರದು.

ಎರಡನೆಯ ಕಟ್ಟಳೆಯೂ ಇತ್ತು. ಒಬ್ಬ ಆರ್ಚ್‌ಬಿಷಪ್ಪರು ತೀರಿಕೊಂಡರೆ, ಉಳಿದವರೇ ಬಂದು ಹೊಸಬರ ತಲೆಯ ಮೇಲೆ ಕೈಯಿಡಬೇಕು. ದೀಕ್ಷೆಗಾಗಿ ರೋಮಿನ ತನಕ ಅಲೆಯುವುದು ತಪ್ಪಲಿ ಎಂದು ಹೀಗೆ ಮಾಡಿದ್ದರು. ಬರೆದವರು ಜಾಣರೇ. ಆದರೆ ಇಬ್ಬರೂ ಒಂದೇ ಚಳಿಗಾಲದಲ್ಲಿ ತೀರಿಕೊಂಡರೆ ಏನು ಮಾಡಬೇಕು ಎಂದು ಬರೆಯಲು ಮರೆತಿದ್ದರು.

ಒಂದು ಚಳಿಗಾಲ ನಾಡಿಗೆ ಜ್ವರ ಬಂತು. ತೆಂಕಲವರನ್ನೂ ಕೊಂಡೊಯ್ದಿತು, ಬಡಗಲವರನ್ನೂ ಕೊಂಡೊಯ್ದಿತು. ಇದ್ದಬದ್ದ ಬಿಷಪ್ಪರನ್ನೂ ಗುಡಿಸಿ ಹಾಕಿತು. ಉಳಿದವರು ಒಬ್ಬರೇ. ಪಡುವಣದ ಜೌಗುನೆಲದಲ್ಲಿದ್ದ ಮುದುಕ ಬಿಷಪ್ಪರು. ತೊಂಬತ್ತು ದಾಟಿದ್ದರು, ಕಣ್ಣು ಪೂರ್ತಿ ಹೋಗಿತ್ತು. ಆ ಜೌಗಿನಲ್ಲಿ ಜ್ವರಕ್ಕೆ ದಾರಿ ಸಿಗಲಿಲ್ಲವೋ ಏನೋ.

ತೆಂಕಣದವರು ಟಿಲ್‌ಬರ್ಟ್ ಎಂಬ ಸನ್ಯಾಸಿಯನ್ನು ಆರ್ಚ್‌ಬಿಷಪ್ ಎಂದು ಆರಿಸಿದರು. ಅವರು ಸಣಕಲು ಆಳು, ದೊಡ್ಡ ಓದುಗಾರರು. ಬಡಗಣದವರು ಹುನ್‌ವಾಲ್ಡ್ ಎಂಬ ಸನ್ಯಾಸಿಯನ್ನು ಆರಿಸಿದರು. ಅವರಿಗೆ ಓದಿಗಿಂತ ಊಟ ಹೆಚ್ಚು ರುಚಿಸುತ್ತಿತ್ತು. ಎಲ್ಲಿಗೆ ಹೋದರೂ ಹೊಟ್ಟೆ ಮೊದಲು ತಲುಪುತ್ತಿತ್ತು, ಅವರು ಆಮೇಲೆ.

ಆರ್ಚ್‌ಬಿಷಪ್ಪರಿಲ್ಲದಾಗ ಕೈಯಿಡಲು ಬಿಷಪ್ಪರಾದರೂ ಬೇಕು, ಹಾಗಾಗಿ ಈಗ ಆ ಮುದುಕರೇ ಇಬ್ಬರಿಗೂ ದೀಕ್ಷೆ ಕೊಡಬೇಕು. ಆದರೆ ಮೊದಲು ಯಾರಿಗೆ? ಮೊದಲಾದವರು ಸಾಯುವ ತನಕ ಹಿರಿಯರು.

ಹುನ್‌ವಾಲ್ಡರ ಊರಲ್ಲಿ ಇದೊಂದೇ ಮಾತು. ಅರವತ್ತು ವರ್ಷದಿಂದ ಬಡಗಲವರಿಗೆ ಎಡಗಡೆಯ ಪೀಠವೇ ಗತಿಯಾಗಿತ್ತು. ತೀರಿಹೋದ ತೆಂಕಲವರು ಚಿಕ್ಕ ವಯಸ್ಸಿಗೇ ದೀಕ್ಷೆ ಪಡೆದು ಅಷ್ಟೂ ವರ್ಷ ಬದುಕಿದ್ದರು, ಬಡಗಣಕ್ಕೆ ಬಂದವರೆಲ್ಲ ಅವರಿಗೆ ಕಿರಿಯರೇ. ಹೊರಡುವ ದಿನ ಜನ ಅವರ ಕುದುರೆಯ ಲಗಾಮು ಹಿಡಿದುಕೊಂಡು ನಿಂತರು.

"ಸ್ವಾಮಿ, ಈ ಸಲವಾದರೂ ನಾವು ಮುಂದೆ."

"ಆಗಲಿ," ಅಂದರು ಹುನ್‌ವಾಲ್ಡರು. ಬಾಯಿಮಾತಿಗೆ ಅಂದದ್ದಲ್ಲ. ಅವರಿಗೂ ಆಸೆ ಇತ್ತು. ಬಲಗಡೆಯ ಪೀಠದ ಮೇಲೆ ಕೂತರೆ ಹೇಗಿರುತ್ತದೆ ಎಂದು ಯೋಚಿಸಿ ಎರಡು ಮೂರು ಸಲ ಒಬ್ಬರೇ ನಕ್ಕಿದ್ದರು.

ಎರಡು ಸೀಮೆಗಳ ನಡುವೆ ಒಂದು ದೊಡ್ಡ ಹೊಳೆ ಇತ್ತು. ಮುದುಕ ಬಿಷಪ್ಪರನ್ನು ಜೌಗಿನಿಂದ ಒಂದು ದೋಣಿಯಲ್ಲಿ ಅಲ್ಲಿಗೆ ಕರೆತಂದರು. ದೋಣಿ ನಡೆಸುತ್ತಿದ್ದವಳು ಎಬ್ಬ ಎಂಬ ಅಂಬಿಗಿತ್ತಿ. ತೆಂಕಣ ದಡದಲ್ಲಿ ಟಿಲ್‌ಬರ್ಟರೂ ಅವರ ಜನವೂ ಕಾದಿದ್ದರು. ಬಡಗಣ ದಡದಲ್ಲಿ ಹುನ್‌ವಾಲ್ಡರೂ ಅವರ ಜನವೂ ಕಾದಿದ್ದರು. ಮುದುಕರು ಯಾವ ದಡಕ್ಕೆ ಇಳಿಯುತ್ತಾರೋ ಆ ದಡದವರಿಗೇ ಮೊದಲ ದೀಕ್ಷೆ ತಾನೇ? ಹಾಗೆಂದು ಎರಡು ಕಡೆಯವರಿಗೂ ಹೊಳೆಯಿತು. ಇವರು ದೋಣಿಯ ಮೂತಿಗೆ ಹಗ್ಗ ಬಿಗಿದರು. ಅವರು ದೋಣಿಯ ಬಾಲಕ್ಕೆ ಹಗ್ಗ ಬಿಗಿದರು. ಇವರು ಇತ್ತ ಜಗ್ಗಿದರು, ಅವರು ಅತ್ತ ಜಗ್ಗಿದರು. ದೋಣಿ ನಡುಹೊಳೆಯಲ್ಲಿ ನಿಂತುಬಿಟ್ಟಿತು.

ಹೀಗೆ ಮೂರು ದಿನ ನಡೆಯಿತು.

ಎರಡೂ ದಡದಲ್ಲಿ ಇದ್ದವರು ದೇವರ ಸೇವಕರೇ, ಆದರೆ ತಂಟೆಗೆ ಏನೂ ಕಡಿಮೆ ಇರಲಿಲ್ಲ. ಬಡಗಲವರು ಈಜಿಹೋಗಿ ತೆಂಕಲವರ ಹಗ್ಗಕ್ಕೆ ಹಂದಿಯ ಕೊಬ್ಬು ಬಳಿದು ಬಂದರು. ಜಗ್ಗಿದವರೆಲ್ಲ ಒಬ್ಬರ ಮೇಲೊಬ್ಬರು ಮಗುಚಿ ಬಿದ್ದರು. ತೆಂಕಲವರು ಸುಮ್ಮನಿರುತ್ತಾರೆಯೇ? ಊಟದ ಗಂಟೆಯನ್ನೇ ಹೊತ್ತಲ್ಲದ ಹೊತ್ತಿನಲ್ಲಿ ಬಾರಿಸಿದರು. ಬಡಗಲವರ ಅರ್ಧ ಜನ ಹಗ್ಗ ಬಿಟ್ಟು ತಟ್ಟೆ ಹಿಡಿದು ಓಡಿದರು. ಮೊದಲು ಓಡಿದವರು ಹುನ್‌ವಾಲ್ಡರೇ.

ಆಟ ಚೆನ್ನಾಗಿತ್ತು. ಆದರೆ ದೋಣಿಯಲ್ಲಿದ್ದ ಮುದುಕರಿಗೆ ಹೊಳೆಯ ಗಾಳಿ ಆಗಿಬರಲಿಲ್ಲ. ಮೂರನೆಯ ದಿನ ಕೆಮ್ಮು ಶುರುವಾಯಿತು. ಅವರು ಕಣ್ಣು ಮುಚ್ಚಿದರೆ ಆ ನಾಡಿನಲ್ಲಿ ಕೈಯಿಡುವವರು ಇನ್ನಾರೂ ಇರಲಿಲ್ಲ. ಇಬ್ಬರೂ ರೋಮಿಗೇ ಹೋಗಬೇಕು. ಹೋಗಿ ಬರಲು ಎರಡು ವರ್ಷ. ನಡುವೆ ಹಿಮದ ಬೆಟ್ಟ, ಕಳ್ಳರು. ಹೋದವರಲ್ಲಿ ಅರ್ಧ ಜನ ಹಿಮದಲ್ಲೇ ಉಳಿದುಬಿಡುತ್ತಿದ್ದರು. ಅಷ್ಟು ದಿನ ನಾಡಿಗೆ ಒಬ್ಬ ಹೊಸ ಪಾದ್ರಿಯೂ ಇಲ್ಲ.

ಎಬ್ಬ ದೋಣಿಯಲ್ಲಿ ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು, ಎರಡೂ ದಡಕ್ಕೆ ಕೇಳುವಂತೆ ಕೂಗಿದಳು.

"ಹಿಂಗೇ ಇನ್ನೊಂದು ದಿನ ಜಗ್ಗಿ ಸ್ವಾಮಿಗಳೇ. ಆಮೇಲೆ ನಿಮ್ಮಿಬ್ಬರ ತಲೆ ಮೇಲೂ ನಾನೇ ಕೈಯಿಡಬೇಕಾಗುತ್ತೆ. ನನ್ನ ಕೈ ಸ್ವಲ್ಪ ಭಾರ."

ಎರಡೂ ಕಡೆ ಜಗ್ಗುವುದು ನಿಂತಿತು.

ಮುದುಕರು ಆಗ ಊಟ ಮಾಡುತ್ತಿದ್ದರು. ಎಬ್ಬ ಹಾವುಮೀನು ಬೇಯಿಸಿ ಕೊಟ್ಟಿದ್ದಳು. ಹಾವಿನಂತೆ ಉದ್ದಕ್ಕಿರುವ ಆ ಮೀನು ಬರೀ ಎಣ್ಣೆ. ಬೆರಳಲ್ಲಿ ಹಿಡಿದು ತಿಂದರೆ ಮೊಳಕೈ ತನಕ ಸೋರುತ್ತದೆ.

"ಇಬ್ಬರನ್ನೂ ದೋಣಿಗೆ ಕರಿ ಮಗಳೇ," ಅಂದರು ಮುದುಕರು. "ಅವರಿಬ್ಬರೇ ಬರಲಿ. ಬಂದ ಮೇಲೆ ಹಗ್ಗ ಎರಡನ್ನೂ ಕಡಿದುಹಾಕು."

ಹುನ್‌ವಾಲ್ಡರು ನಿಲುವಂಗಿ ಎತ್ತಿಕಟ್ಟಿ ನೀರಿಗಿಳಿದರು. ಅತ್ತ ಕಡೆಯಿಂದ ಟಿಲ್‌ಬರ್ಟರೂ ಇಳಿದರು. ಎದೆಮಟ್ಟದ ನೀರಿನಲ್ಲಿ ಇಬ್ಬರೂ ಒಂದೇ ಹೊತ್ತಿಗೆ ದೋಣಿ ಮುಟ್ಟಿದರು. ಸಣಕಲು ಟಿಲ್‌ಬರ್ಟರಿಗೆ ಹತ್ತಲು ಬರಲಿಲ್ಲ, ದಪ್ಪ ಹುನ್‌ವಾಲ್ಡರಿಗೂ ಬರಲಿಲ್ಲ. ಎಬ್ಬ ಇಬ್ಬರ ಕೊರಳಪಟ್ಟಿಯನ್ನೂ ಹಿಡಿದು ಒಟ್ಟಿಗೇ ಒಳಗೆಳೆದುಕೊಂಡಳು. ಆಮೇಲೆ ಕೊಡಲಿ ತೆಗೆದು ಹಗ್ಗ ಎರಡನ್ನೂ ಕಡಿದಳು. ದೋಣಿ ಒಂದು ಸುತ್ತು ತಿರುಗಿ, ಹೊಳೆಯ ಜೊತೆ ಹೊರಟಿತು. ಎರಡೂ ದಡದ ಜನ ಅಯ್ಯಯ್ಯೋ ಎನ್ನುತ್ತ ದಡದುದ್ದಕ್ಕೂ ಓಡತೊಡಗಿದರು.

"ಕೈ ತೊಳೆಯೋಕೆ ನೀರು ಕೊಡಲಾ ಅಜ್ಜ?" ಎಬ್ಬ ಕೇಳಿದಳು.

"ಹೊತ್ತಾಯಿತು ಮಗಳೇ. ಹಾಯಿಬಟ್ಟೆ ಬಿಚ್ಚು. ನಮ್ಮ ಮೂವರ ಮೇಲೂ ಹೊದಿಸು." ಆಮೇಲೆ ಮುದುಕರು ಆ ಇಬ್ಬರಿಗೆ ಹೇಳಿದರು. "ಮಂಡಿಯೂರಿ. ಇಬ್ಬರೂ ಕಿವಿಗೆ ಬೆರಳಿಟ್ಟುಕೊಂಡು ಗಟ್ಟಿಯಾಗಿ ಕೀರ್ತನೆ ಹೇಳಿ. ತಲೆಯಿಂದ ನಾನು ಕೈ ತೆಗೆದರೂ ನಿಲ್ಲಿಸಬೇಡಿ. ಎಲ್ಲ ಮುಗಿದ ಮೇಲೆ ದೋಣಿಯ ತಳ ಬಡಿಯುತ್ತೇನೆ. ಮಂಡಿಗೆ ಗೊತ್ತಾಗುತ್ತದೆ."

ಎಬ್ಬ ಹಾಯಿಬಟ್ಟೆ ಹೊದಿಸಿದಳು. ಒಳಗೆ ಕತ್ತಲಾಯಿತು. ಮುದುಕರಿಗೆ ಅದರಿಂದ ಏನೂ ತೊಂದರೆಯಿಲ್ಲ. ಹೊರಗಿನವರಿಗೆ ಮೂರು ಗುಬಟುಗಳಷ್ಟೇ ಕಂಡವು. ಯಾವ ಗುಬಟು ಯಾರದೆಂದು ತಿಳಿಯಲಿಲ್ಲ. ದೋಣಿ ಬೇರೆ ತಿರುಗುತ್ತಲೇ ಇತ್ತು.

ಹುನ್‌ವಾಲ್ಡರು ಕಿವಿ ಮುಚ್ಚಿಕೊಂಡು, ಗಂಟಲು ಹರಿಯುವಂತೆ ಕೀರ್ತನೆ ಹೇಳತೊಡಗಿದರು. ಸನ್ಯಾಸಿಗಳು ನಡುನೆತ್ತಿ ಬೋಳಿಸಿ ಸುತ್ತಲೂ ಕೂದಲು ಬಿಡುವುದು ಆ ಕಾಲದ ಪದ್ಧತಿ. ಆ ಬೋಳಿನ ಮೇಲೆ ಎರಡು ಕೈಗಳು ಬಂದು ಕೂತವು. ಕೈಗಳು ಬೆಚ್ಚಗಿದ್ದವು, ಒದ್ದೆಯಾಗಿದ್ದವು. ಒಂದು ಸಲ ಜಾರಿದವು. ಆಮೇಲೆ ಹಣೆಯಿಂದ ಹಿಂದಲೆಯ ತನಕ, ಅಲ್ಲಿಂದ ಮತ್ತೆ ಹಣೆಗೆ, ಅಂಗವಸ್ತ್ರಕ್ಕೆ ಒರೆಸಿಕೊಂಡಂತೆ ಚೆನ್ನಾಗಿ ಒರೆಸಿಕೊಂಡವು. ಎಣ್ಣೆ ಕಿವಿಯ ಹಿಂದಿನಿಂದ ಇಳಿದು ಬೆನ್ನಿಗೆ ಹೋಯಿತು. ಹುನ್‌ವಾಲ್ಡರು ಕೀರ್ತನೆ ನಿಲ್ಲಿಸಲಿಲ್ಲ. ಕೈಗಳು ಹೋದವು. ಎಷ್ಟೋ ಹೊತ್ತಾದ ಮೇಲೆ ಮಂಡಿಯ ಕೆಳಗೆ ಹಲಗೆ ಡಬ್ ಎಂದಿತು.

ಎಬ್ಬ ಹಾಯಿಬಟ್ಟೆ ಎತ್ತಿದಳು. ದೋಣಿ ಹೊಳೆಯ ನಡುವಿನ ಒಂದು ಮರಳುದಿಬ್ಬಕ್ಕೆ ತಗುಲಿ ನಿಂತಿತ್ತು. ಎರಡೂ ಕಡೆಯ ಜನ ನೀರಿಗೆ ಬಿದ್ದು, ಎದ್ದು, ಅಲ್ಲಿಗೇ ಬರುತ್ತಿದ್ದರು.

"ಯಾರು ಮೊದಲು?" ಎಲ್ಲರದೂ ಒಂದೇ ಪ್ರಶ್ನೆ.

"ಎರಡು ತಲೆ ಸಿಕ್ಕಿದವು," ಅಂದರು ಮುದುಕರು. "ಎರಡೂ ಬೋಳು. ಕುರುಡನಿಗೆ ಅದಕ್ಕಿಂತ ಹೆಚ್ಚು ಹೇಗಪ್ಪ ಗೊತ್ತಾಗಬೇಕು?"

ಹುನ್‌ವಾಲ್ಡರು ಮೆಲ್ಲಗೆ ತಮ್ಮ ತಲೆ ಮುಟ್ಟಿ ನೋಡಿಕೊಂಡರು. ಬೆರಳು ಜಾರಿತು. ಓರೆಗಣ್ಣಿನಲ್ಲಿ ಟಿಲ್‌ಬರ್ಟರ ತಲೆ ನೋಡಿದರು. ಅದು ಒಲೆಯ ಮೇಲೆ ಮಗುಚಿಟ್ಟ ಗಡಿಗೆಯಂತೆ ಒಣಗಿತ್ತು. ಎಣ್ಣೆಗೈ ಮೊದಲು ಬಂದದ್ದು ತಮ್ಮ ತಲೆಗೆ. ಒರೆಸಿಕೊಂಡ ಕೈ ಆಮೇಲೆ ಹೋದದ್ದು ಅವರ ತಲೆಗೆ.

ತಾವೇ ಹಿರಿಯರು. ಅರವತ್ತು ವರ್ಷದ ಎಡಗಡೆ ಮುಗಿಯಿತು. ನನ್ನ ತಲೆ ಮೂಸಿ ನೋಡಿ ಅಂದರೆ ಸಾಕು.

ಅವರ ಸೋದರಳಿಯ ಬಿಯೋರ್ನ್ ಸೊಂಟದ ತನಕ ತೊಯ್ದುಕೊಂಡು ಮುಂದೆ ಬಂದ. ಹಗ್ಗ ಜಗ್ಗಿ ಅವನ ಅಂಗೈ ಸುಲಿದುಹೋಗಿತ್ತು. ಕಿವಿಯಲ್ಲಿ ಕೇಳಿದ. "ಮಾವ, ಒಳಗೆ ನಿಮಗೇನಾದರೂ ಗೊತ್ತಾಯಿತಾ?"

ಹುನ್‌ವಾಲ್ಡರು ಬಾಯಿ ತೆರೆದರು. ತೆರೆದ ಬಾಯಲ್ಲೇ ಒಮ್ಮೆ ಸುತ್ತ ನೋಡಿದರು. ತೊಯ್ದ ಮೇಲೆ ಎಲ್ಲರ ನಿಲುವಂಗಿಯೂ ಒಂದೇ ಬಣ್ಣ. ತೆಂಕಲವರು ಯಾರು, ಬಡಗಲವರು ಯಾರು ಎಂದು ಹೇಳುವ ಹಾಗಿರಲಿಲ್ಲ. ತೆಂಕಲವರ ಅಡುಗೆಯವನು ಬಡಗಲವನೊಬ್ಬನ ಕಂಕುಳಿಗೆ ಕೈಕೊಟ್ಟು ಮರಳಿಗೆ ಎಳೆಯುತ್ತಿದ್ದ. ಎಳೆದವನೂ ಬಿದ್ದ, ಎಳೆಸಿಕೊಂಡವನೂ ಬಿದ್ದ. ಇಬ್ಬರೂ ಬಿದ್ದಲ್ಲೇ ನಗುತ್ತಿದ್ದರು. ಮುದುಕರು ಕೆಮ್ಮುತ್ತ, ಇನ್ನೂ ಮೀನಿದೆಯಾ ಎಂದು ಎಬ್ಬಳನ್ನು ಕೇಳುತ್ತಿದ್ದರು.

ಆ ಮಾತು ಈಗ ಬಾಯಿಂದ ಬಿದ್ದರೆ ಈ ನಗು ನಿಲ್ಲುತ್ತದೆ. ತಲೆಗೆ ಮೆತ್ತಿದ್ದು ಹಾಯಿಬಟ್ಟೆಯ ಎಣ್ಣೆ ಅಂತ ಅವರು, ಮೀನಿನ ಎಣ್ಣೆ ಅಂತ ಇವರು. ಮತ್ತೆ ಯಾರಾದರೂ ಹಗ್ಗ ಹುಡುಕಿಕೊಂಡು ಹೋಗುತ್ತಾರೆ.

"ಒಳಗೆ ಭಾರೀ ಸೆಕೆ ಕಣಯ್ಯ, ಅಷ್ಟೇ ಗೊತ್ತಾಗಿದ್ದು," ಅಂದರು ಹುನ್‌ವಾಲ್ಡರು. ದೋಣಿಯಿಂದ ಬಗ್ಗಿ ಇಡೀ ತಲೆಯನ್ನು ಹೊಳೆಗೆ ಅದ್ದಿ, ಎರಡೂ ಕೈಯಲ್ಲಿ ತಿಕ್ಕಿ ತಿಕ್ಕಿ ತೊಳೆದುಕೊಂಡರು. ಎಣ್ಣೆ ಬಣ್ಣಬಣ್ಣವಾಗಿ ನೀರಿನ ಮೇಲೆ ಹರಡಿ ಹೋಯಿತು. ಪಕ್ಕದಲ್ಲಿದ್ದ ಟಿಲ್‌ಬರ್ಟರು ಆ ನೀರನ್ನೇ ನೋಡುತ್ತಿದ್ದರು.

"ಅದೆಲ್ಲ ಸರಿ," ಅಂದಳು ಎಬ್ಬ. "ನನ್ನ ಹಾಯಿಬಟ್ಟೆ ಒಗೆದುಕೊಡೋರು ಯಾರು? ಮೀನು ನಾರ್ತಿದೆ."

ಆ ನಾಡಿನ ಇಬ್ಬರು ಹೊಸ ಆರ್ಚ್‌ಬಿಷಪ್ಪರು ದೀಕ್ಷೆ ಪಡೆದು ಮಾಡಿದ ಮೊದಲ ಕೆಲಸ ಅದು. ತೋಳು ಮಡಚಿ, ಮರಳಿನ ಮೇಲೆ ಎದುರುಬದುರು ಕೂತು, ಹಾಯಿಬಟ್ಟೆ ಒಗೆದರು. ಹಿಂಡುವಾಗ ಒಂದೊಂದು ತುದಿ ಹಿಡಿದು ತಿರುಚಿದರು. ಎರಡು ಸೀಮೆಯ ಜನ ಸುತ್ತ ನಿಂತು ಲೆಕ್ಕವಿಲ್ಲದಷ್ಟು ನಕ್ಕರು.

ಅಲ್ಲಿಂದ ಮುಂದೆ ಹತ್ತೊಂಬತ್ತು ವರ್ಷ ಇಬ್ಬರೂ ಚೆನ್ನಾಗಿ ಬಾಳಿದರು. ಬಿಷಪ್ಪರಿಲ್ಲದ ಊರಿಗೆ ಬಿಷಪ್ಪರನ್ನು, ಪಾದ್ರಿಗಳಿಲ್ಲದ ಊರಿಗೆ ಪಾದ್ರಿಗಳನ್ನು ಕೊಟ್ಟರು. ಯಾವಾಗ ಸಭೆ ಸೇರಿದರೂ ಬಾಗಿಲಲ್ಲಿ ಮಾತ್ರ ಒಂದು ತಡೆ.

"ನೀವೇ ಮೊದಲಿನವರಿರಬಹುದು, ನಡೀರಿ," ಎನ್ನುತ್ತಿದ್ದರು ಹುನ್‌ವಾಲ್ಡರು.

"ನೀವೂ ಇರಬಹುದಲ್ಲ, ನೀವು ನಡೀರಿ," ಎನ್ನುತ್ತಿದ್ದರು ಟಿಲ್‌ಬರ್ಟರು.

ಹಿಂದೆ ನಿಂತ ಬಿಷಪ್ಪರೆಲ್ಲ ಮಳೆಯಲ್ಲಿ ನೆನೆಯುತ್ತಿದ್ದರು. ಕೊನೆಗೆ ಹುನ್‌ವಾಲ್ಡರು ಹೊಟ್ಟೆಯಿಂದಲೇ ಟಿಲ್‌ಬರ್ಟರನ್ನು ಮೆಲ್ಲಗೆ ಒಳಗೆ ತಳ್ಳಿಬಿಡುತ್ತಿದ್ದರು. ಟಿಲ್‌ಬರ್ಟರು ಒಳಗೆ ಹೋಗಿ ನಿಂತು, ಇವರು ಬರುವ ತನಕ ಬಾಗಿಲು ಹಿಡಿದುಕೊಂಡಿರುತ್ತಿದ್ದರು. ಹುನ್‌ವಾಲ್ಡರು ಬಂದು ಎಡಗಡೆ ಕೂರುತ್ತಿದ್ದರು.

ಬಡಗಣದ ಜನ ಅವರನ್ನು ಬಿಡಲಿಲ್ಲ. ನಮ್ಮ ಸ್ವಾಮಿಗೆ ಹೊಟ್ಟೆ ಮಾತ್ರ ಮುಂದೆ, ಬಾಕಿಯೆಲ್ಲ ಹಿಂದೆ ಎಂದು ಆಡಿಕೊಂಡರು. ಬಿಯೋರ್ನ್ ವರ್ಷಕ್ಕೊಮ್ಮೆಯಾದರೂ ಮುನಿಸಿಕೊಂಡು ಊಟ ಬಿಡುತ್ತಿದ್ದ. ಮೊದಮೊದಲು ಹುನ್‌ವಾಲ್ಡರಿಗೆ ನಾಲಿಗೆ ನವೆಯಾಗುತ್ತಿತ್ತು. ಈಗ ಹೇಳಿಬಿಡಲೇ, ಈಗ ಹೇಳಿಬಿಡಲೇ ಅನಿಸುತ್ತಿತ್ತು. ವರ್ಷ ಕಳೆದಂತೆ ಆ ಗುಟ್ಟು ದವಡೆಯಲ್ಲಿಟ್ಟುಕೊಂಡ ಕಲ್ಲುಸಕ್ಕರೆಯ ಹಾಗಾಯಿತು. ಯಾರಾದರೂ ಹೀಯಾಳಿಸಿದಷ್ಟೂ ಒಳಗೊಳಗೆ ಅದು ಸಿಹಿಯಾಗಿ ಕರಗುತ್ತಿತ್ತು.

ಅವರಿಗೆ ಅರ್ಥವಾಗದೇ ಉಳಿದದ್ದು ಒಂದೇ. ಪ್ರತಿ ವರ್ಷ ದೀಕ್ಷೆಯ ದಿನ ಬಂತೆಂದರೆ ತೆಂಕಣದಿಂದ ಒಂದು ಗಾಡಿ ಬರುತ್ತಿತ್ತು. ಗಾಡಿಯಲ್ಲಿ ಒಂದು ಪೀಪಾಯಿ. ಪೀಪಾಯಿಯ ತುಂಬ ಹೊಗೆ ಹಾಕಿ ಒಣಗಿಸಿದ ಹಾವುಮೀನು. ಕಳಿಸಿದವರು ಟಿಲ್‌ಬರ್ಟರು. ಜೊತೆಗೆ ಒಂದು ಕಾಗದವಿಲ್ಲ, ಒಂದು ಮಾತಿಲ್ಲ.

ಹುನ್‌ವಾಲ್ಡರು ಎಲ್ಲವನ್ನೂ ತಿನ್ನುವವರು, ಹಾವುಮೀನೊಂದನ್ನು ಬಿಟ್ಟು. ಆ ವಾಸನೆ ಅವರಿಗೆ ಸಾಕಾಗಿತ್ತು. "ತೆಂಕಣದಲ್ಲಿ ಬೇರೇನೂ ಬೆಳೆಯೋದೇ ಇಲ್ಲವೇನೋ, ಪಾಪ," ಎಂದು ಪೀಪಾಯಿಯನ್ನು ಬಡವರ ಪಂಕ್ತಿಗೆ ಕಳಿಸಿಬಿಡುತ್ತಿದ್ದರು. ಹಾಗೆ ಹತ್ತೊಂಬತ್ತು ಪೀಪಾಯಿ ಬಂದವು. ಹತ್ತೊಂಬತ್ತನೆಯದು ಬಂದ ವರ್ಷ ಹೊಟ್ಟೆ ತುಂಬ ಊಟ ಮಾಡಿ, ಯಾರೋ ಹೇಳಿದ ತಮಾಷೆಗೆ ನಗುನಗುತ್ತಲೇ ಅವರು ತೀರಿಕೊಂಡರು. ಗುಟ್ಟು ಅವರ ಜೊತೆಗೇ ಮಣ್ಣಿಗೆ ಹೋಯಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

"ನಾನು ಹೇಳಿದ್ದೂ ಅದೇ ಅಲ್ಲವಾ ಗುರುಗಳೇ," ಅಂದ ಅರುಳಪ್ಪ. "ಹತ್ತೊಂಬತ್ತು ವರ್ಷ ಬಿಟ್ಟುಕೊಟ್ಟರು. ಒಂದು ನರಪಿಳ್ಳೆಗಾದರೂ ಗೊತ್ತಾಯಿತಾ?"

"ಒಂದೇ ಹಾಯಿಬಟ್ಟೆಯ ಕೆಳಗೆ ಕೂತಿದ್ದ ಟಿಲ್‌ಬರ್ಟರಿಗೂ ಮೂಗಿತ್ತು," ಅಂದರು ಗುರುಗಳು.

ಅರುಳಪ್ಪ ಕೈಯಲ್ಲಿದ್ದ ಅವರೆಕಾಯಿಯನ್ನು ಮೊರಕ್ಕೆ ಹಾಕಿದ. "ಹಾಗಾದರೆ ಆ ಶುಂಠಿ ಕಷಾಯ..." ಅಂದ.